ಹಾಸುಬಂಡೆಯ ಮೇಲೆ ಊರು ಕೂರಿಸಿದವನು

ನಮ್ಮೂರ ನೀರಗಂಟಿ ತೀರಿಹೋಗಿ ಒಂದೂವರೆ ತಿಂಗಳಾಯಿತು. ಅವನಿಗೊಂದು ಹೆಸರು ಇದ್ದೇ ಇತ್ತು, ಶ್ಯಾನುಭೋಗರ ಪುಸ್ತಕದಲ್ಲಿ ಹುಡುಕಿದರೆ ಸಿಕ್ಕೀತು. ಊರಿನವರ ಬಾಯಲ್ಲಿ ಮಾತ್ರ ನಾನು ಒಮ್ಮೆಯೂ ಕೇಳಿದ್ದಿಲ್ಲ. ಹಿರಿಯರು ‘ನೀರಗಂಟಿ’ ಅಂದರು, ನನ್ನಂಥವರು ‘ನೀರಗಂಟಣ್ಣ’ ಅಂದೆವು, ಅವನ ಹೆಂಡತಿಯನ್ನು ‘ನೀರಗಂಟಕ್ಕ’ ಅಂದೆವು. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಬರೆಯುವುದು ನನ್ನ ಕಸುಬಲ್ಲ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ತಲೆಗೇರಿಸಿಕೊಂಡವನು ನಾನು. ಇವತ್ತು ನನಗೆ ಎರಡು ಎಕರೆ ಸೊಪ್ಪಿನ ತೋಟವಿದೆ, ಹೆಂಚಿನ ಮನೆಯಿದೆ. ಎಲ್ಲವೂ ಈ ಎರಡು ಕೈಯಿಂದ ಆದದ್ದು. ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಸಂಕೋಚವಿರುವುದು ಇನ್ನೊಂದು ಸಂಗತಿಗೆ. ಅದನ್ನು ಬಿಟ್ಟು ನೀರಗಂಟಣ್ಣನ ವಿಚಾರ ಬರೆದರೆ ಅವನನ್ನು ಅರ್ಧ ಬರೆದ ಹಾಗೆ.

ಅಕ್ಕೂರಿನಿಂದಾಚೆ ಬೆಟ್ಟದ ಬುಡದಲ್ಲಿ ನಮ್ಮೂರು. ಬೆಟ್ಟವನ್ನು ಅರ್ಧ ಹತ್ತಿದರೆ ಎರಡು ಗುಡ್ಡಗಳ ನಡುವೆ ಒಂದು ಕೆರೆ. ಆ ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ತೋಟ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವುದು, ಏರಿ ಕಾಯುವುದು ಅವನ ಕೆಲಸ. ತೂಬಿನ ಹತ್ತಿರ ಒಂದು ನೆಟ್ಟ ಕಲ್ಲಿತ್ತು. ಅದರ ನೆರಳು ನೆಲದಲ್ಲಿ ಗುರುತು ಹಾಕಿದ ಗೆರೆ ದಾಟಿದರೆ ಒಬ್ಬರ ಸರದಿ ಮುಗಿದು ಇನ್ನೊಬ್ಬರದು ಶುರು. ಪಟೇಲರು ಒಂದು ಸಲ ತಾವೇ ಕೆರೆಗೆ ಹತ್ತಿಬಂದು, “ಲೇ, ಒಸಿ ಹೊತ್ತು ಬುಡ್ಲಾ, ಕೊನೇ ಸಾಲು ಒಣಗೋಯ್ತದೆ” ಅಂದರು. ಇವನು ತೂಬು ಮುಚ್ಚುತ್ತಲೇ, “ನಾನೇನೋ ಬುಡ್ತೀನಿ ಪಟೇಲ್ರೆ, ಆ ನೆರಳಿಗೆ ಒಸಿ ನೀವೇ ಹೇಳಿ” ಅಂದ. ಪಟೇಲರು ಉಗುಳಿ ಕೆಳಗಿಳಿದರು.

ಅವನ ನಡಿಗೆಯೇ ಬೇರೆ. ಪ್ರತಿ ಹೆಜ್ಜೆಯಲ್ಲೂ ಹಿಮ್ಮಡಿಯನ್ನು ಒಂದು ಕ್ಷಣ ನೆಲಕ್ಕೆ ಒತ್ತಿ ಆಮೇಲೆ ಮುಂದಿನ ಕಾಲು ಎತ್ತುತ್ತಿದ್ದ. ಏರಿಯ ಮೇಲೆ ಮೂವತ್ತು ವರ್ಷ ನಡೆದವನ ಅಭ್ಯಾಸ ಅದು. ಏರಿಗೆ ಶತ್ರು ಅಂದರೆ ಇಲಿ ಮತ್ತು ಏಡಿ. ಅವು ತೋಡಿದ ಬಿಲದಲ್ಲಿ ನೀರು ಜಿನುಗಲು ಶುರುವಾದರೆ ಏರಿಯೇ ಒಡೆಯುತ್ತದೆ. ಟೊಳ್ಳು ನೆಲವನ್ನು ಅವನ ಹಿಮ್ಮಡಿ ಕಂಡುಹಿಡಿಯುತ್ತಿತ್ತು. ಕೈಯಲ್ಲಿ ಯಾವಾಗಲೂ ಒಂದು ಹಿಡಿ ಜೇಡಿಮಣ್ಣಿನ ಉಂಡೆ, ಹೆಗಲ ಮೇಲೆ ಹಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದವನು ಒಂದು ಸಲ ಅನ್ನ ಬಿಟ್ಟು ಎದ್ದುಹೋದ. ಕೆರೆ ಕೋಡಿ ಹರಿಯುವ ಸದ್ದು ಬೇರೆಯಾಗಿದೆಯಂತೆ. ನಮಗೆ ಯಾರಿಗೂ ಯಾವ ಸದ್ದೂ ಕೇಳಿರಲಿಲ್ಲ.

ಅವನ ಹೆಂಡತಿ ಮಾತ್ರ ದೊಡ್ಡ ಮಾತುಗಾತಿ. “ನಮ್ಮಪ್ಪ ನನ್ನ ಕೊಟ್ಟಿದ್ದು ಎರಡನೇ ಸಂಬಂಧಕ್ಕೆ ಕಣ್ರವ್ವ. ಇವ್ನು ಮೊದ್ಲೇ ಕೆರೆ ಕಟ್ಕಂಡಿದ್ದ. ಮಳೆ ಬಂತು ಅಂದ್ರೆ ನನ್ನ ಬುಟ್ಟು ಏರಿ ತಬ್ಕತಾನೆ” ಅಂತ ಕಾಲುವೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು ನಗಿಸುತ್ತಿದ್ದಳು. ಅವನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವನಂತೆ ಹಾರೆಯ ಮೊನೆ ಒರೆಸುತ್ತಿದ್ದ. ಮಕ್ಕಳಿರಲಿಲ್ಲ.

ನಮ್ಮೂರಲ್ಲಿ ಮೊದಲ ಸಲ ಇಲಿ ಬಿದ್ದಾಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಪ್ಲೇಗಿನ ಸುದ್ದಿ ಚನ್ನಪಟ್ಟಣದಿಂದ ಆಗಲೇ ಬಂದಿತ್ತು. ಒಂದು ಬೆಳಿಗ್ಗೆ ಪಟೇಲರ ಅಟ್ಟದಿಂದ ಎರಡು ಇಲಿ ಸತ್ತು ಬಿದ್ದವು, ಸಂಜೆಗೆ ಇನ್ನೂ ನಾಲ್ಕು ಮನೆಯಲ್ಲಿ ಬಿದ್ದವು. ಶೇಕದಾರರು ಕುದುರೆಯ ಮೇಲೆ ಬಂದು ಮೂರು ದಿನದಲ್ಲಿ ಊರು ಖಾಲಿ ಮಾಡಿ ಹೊರಗೆ ಗುಡಿಸಲು ಹಾಕಿಕೊಳ್ಳಿ ಎಂದು ಅಮಲ್ದಾರರ ಹುಕುಂ ಓದಿ ಹೋದರು. ಎಲ್ಲಿ ಹಾಕಿಕೊಳ್ಳಬೇಕು ಎಂದು ಹುಕುಮಿನಲ್ಲಿರಲಿಲ್ಲ. ಬೆಟ್ಟದ ಕೆರೆಯ ಹತ್ತಿರ ಆದರೆ ನೀರಿಗೆ ತೊಂದರೆಯಿಲ್ಲ ಎಂದು ಎಲ್ಲರೂ ಒಪ್ಪಿದರು. ಕೆರೆಯ ಹತ್ತಿರ ಎಲ್ಲಿ ಎಂಬುದಕ್ಕೆ ನೀರಗಂಟಣ್ಣನನ್ನು ಮುಂದಿಟ್ಟುಕೊಂಡು ಊರ ಗಂಡಸರೆಲ್ಲ ಹತ್ತಿಹೋದೆವು.

ಪಟೇಲರಿಗೆ ಏರಿಯ ಕೆಳಗಿನ ಮಾವಿನ ತೋಪಿನ ಮೇಲೆ ಮನಸ್ಸು. ನೆರಳಿತ್ತು, ದಾರಿ ಹತ್ತಿರವಿತ್ತು. ನೀರಗಂಟಣ್ಣ ಹಾರೆ ಎತ್ತಿ ನೆಲಕ್ಕೆ ಹಾಕಿದ. ಅದು ಬೆಣ್ಣೆಗೆ ಹಾಕಿದ ಹಾಗೆ ಗೇಣುದ್ದ ಇಳಿಯಿತು.

“ಹಾರೆ ಇಳೀತಲ್ಲ, ಇಲಿನೂ ಇಳೀತದೆ. ನಡೀರಿ ಮುಂದಕ್ಕೆ” ಅಂದ.

ಕೆರೆಯ ಮೇಲುಗಡೆ ಹಸಿರು ಹುಲ್ಲಿನ ಒಂದು ಬಯಲಿದೆ. ನೋಡಿದರೆ ಅಲ್ಲೇ ಮಲಗಿಬಿಡೋಣ ಅನ್ನಿಸುವಂಥ ಜಾಗ. ನನಗೂ ಅದೇ ಚೆಂದ ಕಂಡಿತು. ಅವನು ಕೊಡದಲ್ಲಿ ನೀರು ತಂದು ಬಯಲಿನ ನಡುವೆ ಸುರಿದು ಸುಮ್ಮನೆ ನಿಂತ. ನೀರು ನಿಧಾನವಾಗಿ ಹುಲ್ಲಿನೊಳಗೆ ಹರಿದು ಕೆರೆಯ ಕಡೆಗೇ ಹೋಯಿತು. “ಇಲ್ಲಿ ಉಂಡು ಕೈ ತೊಳೀರಿ. ನಾಳಿಕೆ ಅದೇ ನೀರು ನಿಮ್ಮ ಕೊಡಕ್ಕೆ ಬತ್ತದೆ” ಅಂದ.

ಕೊನೆಗೆ ಅವನು ನಿಂತದ್ದು ಕೋಡಿಯ ಪಕ್ಕದ ಹಾಸುಬಂಡೆಯ ಮೇಲೆ. ನಾಲ್ಕು ಕಣ ಅಗಲದ ಬೋಳು ಬಂಡೆ, ಕೆರೆಗೆ ಬೆನ್ನು ಹಾಕಿ ಆಚೆ ಕಡೆಗೆ ಇಳಿಜಾರು. ಒಂದು ಗಿಡವಿಲ್ಲ.

“ಏನ್ಲಾ, ಊರೋರ್ನೆಲ್ಲ ಕೋತಿ ಅಂದ್ಕಂಡಾ? ಕಂಬ ಎಲ್ಲಿ ನೆಡೋದ್ಲಾ ಇಲ್ಲಿ?” ಪಟೇಲರು ಕೇಳಿದರು.

“ನೆಡೋದು ಬ್ಯಾಡಿ. ಬುಡಕ್ಕೆ ಕಲ್ಲು ಪೇರ್ಸಿ ನಿಲ್ಸಾನ. ಇಲ್ಲಿ ಬಿಲ ತೋಡೋ ಇಲಿ ಇನ್ನೂ ಹುಟ್ಟಿಲ್ಲ ಪಟೇಲ್ರೆ.”

“ಚಳಿಗೆ ಸಾಯ್ತವೆ ಕಣ್ಲಾ ಮಕ್ಳು.”

“ನಾನು ನಿನ್ನೆ ಹೊತ್ತು ಮುಳುಗಿದ್ಮ್ಯಾಲೆ ಇಲ್ಲೇ ಮಲ್ಗಿದ್ದೆ. ಬಿಸ್ಲು ಕಾದ ಬಂಡೆ ಸರೊತ್ತಿನವರ್ಗೂ ಬೆಚ್ಚಗಿರ್ತದೆ. ನಿಮ್ಮ ಹಾಸಿಗೆಗಿಂತ ವಾಸಿ.”

ನಮಗೆ ನಗು ಬಂತು. ಆದರೆ ಅವನು ಅರ್ಧ ರಾತ್ರಿಯವರೆಗೆ ಒಬ್ಬನೇ ಬಂಡೆಯ ಮೇಲೆ ಬೆನ್ನು ಹಾಕಿ ಪರೀಕ್ಷೆ ಮಾಡಿದ್ದ ಎಂಬುದು ಆಗ ಯಾರ ತಲೆಗೂ ಹೋಗಲಿಲ್ಲ. ಮೂರು ದಿನದಲ್ಲಿ ಊರು ಬಂಡೆಗೆ ಏರಿತು. ಎರಡು ಸಾಲು ಗುಡಿಸಲು, ನಡುವೆ ಗಾಳಿಗೆ ದಾರಿ. ತನ್ನ ಗುಡಿಸಲನ್ನು ಅವನು ಕೊನೆಯಲ್ಲಿ, ಎಲ್ಲರ ಹೊಗೆ ಬೀಸುವ ಕಡೆ ಹಾಕಿಕೊಂಡ.

ಏರುವ ಮೊದಲು ಇನ್ನೊಂದು ಕಟ್ಟುಪಾಡು ಮಾಡಿದ್ದ. ಬೆಟ್ಟದ ಬುಡದಲ್ಲಿ ನಿಂತು ಪ್ರತಿಯೊಂದು ಗಂಟು ಬಿಚ್ಚಿಸಿದ. ಕಂಬಳಿ ಕೊಡವಿಸಿದ, ರಾಗಿಯನ್ನು ಕಲ್ಲಿನ ಮೇಲೆ ಸುರಿಸಿ ಬಿಸಿಲಿಗೆ ಹರಡಿಸಿದ, ಪಟೇಲರ ಮನೆಯಾಕೆಯ ಸೀರೆ ಪೆಟ್ಟಿಗೆಯನ್ನೂ ಬಿಡಲಿಲ್ಲ. “ನೀರು ಬುಡೋನು ನಮ್ಮ ಸೀರೆ ಎಣಿಸ್ತಾನೆ, ಕಾಲ ನೋಡ್ರವ್ವ” ಅಂತ ಆ ತಾಯಿ ಅತ್ತೇಬಿಟ್ಟರು. ಅವನು ತಲೆ ಬಗ್ಗಿಸಿಕೊಂಡು, “ಅಂದ್ಕಳಿ ತಾಯಿ, ಆದ್ರೆ ಕೊಡವ್ಕಳಿ” ಅಂದ.

ಆಗ ಊರಲ್ಲಿ ಮೂರು ಮನೆಯಲ್ಲಿ ರೇಷ್ಮೆ ಹುಳವಿತ್ತು. ಹುಳ ಬಿಟ್ಟುಬನ್ನಿ ಎಂದು ಅವನು ಹೇಳಿದ್ದಕ್ಕೆ ಇಬ್ಬರು ತಿಪ್ಪೆಗೆ ಸುರಿದರು. ನಾನು ಸುರಿಯಲಿಲ್ಲ. ನನ್ನದು ಸ್ವಂತದ ಮೊದಲ ಬೆಳೆ. ಹಣ್ಣಾಗಿ ಗೂಡು ಕಟ್ಟಲು ಏಳೆಂಟು ದಿನವಿತ್ತು. ತಂದೆಯಿಲ್ಲದ ಮನೆ, ಬಸುರಿ ಹೆಂಡತಿ ತವರಿನಲ್ಲಿ, ಜೊತೆಗಿದ್ದದ್ದು ಅವ್ವ ಒಬ್ಬಳೇ. ಹುಳದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಒದ್ದೆ ಗೋಣಿ ಮುಚ್ಚಿ, ಗಾಡಿಯಲ್ಲಿ ಬೆಟ್ಟದ ಬುಡಕ್ಕೆ ತಂದೆ. ನೀರಗಂಟಣ್ಣ ಗೋಣಿಯ ಅಂಚಿಗೆ ಕೈ ಹಾಕಿದ.

“ಎತ್ಬೇಡ ನೀರಗಂಟಣ್ಣ. ಹುಳದ ಮೇಲೆ ಹೊರಗಿನೋರ ಕಣ್ಣು ಬೀಳಂಗಿಲ್ಲ, ನಿಂಗೊತ್ತಿಲ್ವಾ?” ಅಂದೆ.

ಹುಳ ಸಾಕುವ ಎಲ್ಲರ ಮನೆಯಲ್ಲೂ ಇರುವ ರಿವಾಜು ಅದು. ಹಣ್ಣಾಗುವ ಹೊತ್ತಿಗೆ ಪರರ ದೃಷ್ಟಿ ತಾಗಿದರೆ ಬೆಳೆ ಹೋಯಿತು ಎಂದೇ ನಮ್ಮ ನಂಬಿಕೆ. ಮನೆಯವರು, ಕೂಲಿಗೆ ಗೊತ್ತು ಮಾಡಿದವರು ಬಿಟ್ಟರೆ ಹುಳದ ಮನೆಗೆ ಯಾರೂ ಕಾಲಿಡುವುದಿಲ್ಲ. ಅವನಿಗೂ ಅದು ಗೊತ್ತು. ಅಂಚು ಹಿಡಿದೇ ಕೇಳಿದ:

“ತಳದ ತಟ್ಟೆ ಕಸ ತೆಗ್ದಿದ್ದೀಯಾ?”

“ತೆಗ್ದಿದ್ದೀನಿ.”

ತೆಗೆದಿರಲಿಲ್ಲ. ಊರು ಬಿಡುವ ಗಡಿಬಿಡಿಯಲ್ಲಿ ಎರಡು ದಿನದ ತಿಂದುಳಿದ ಸೊಪ್ಪು ತಳದ ತಟ್ಟೆಗಳಲ್ಲಿ ಹಾಗೇ ಇತ್ತು. ಪಟೇಲರ ಪೆಟ್ಟಿಗೆ ಬಿಚ್ಚಿಸಿದ ಮನುಷ್ಯ ನನ್ನ ಮಾತಿಗೆ ಕೈ ಹಿಂದಕ್ಕೆ ತೆಗೆದ. “ಸರಿ, ನಡಿ ಮಗ” ಅಂದ.

ಬಂಡೆಯ ಮೇಲೆ ಹುಳಕ್ಕೆ ಸೊಪ್ಪು ಹಾಕಲು, ಕಸ ತೆಗೆಯಲು ಒಂದು ಕೈ ಬೇಕಾಗಿತ್ತು. ನೀರಗಂಟಕ್ಕ ಕೂಲಿಗೆ ಬಂದಳು. ಮೂರನೇ ದಿನ ಬೆಳಿಗ್ಗೆ, ಅವಳು ಬರುವ ಮೊದಲು, ನಾನೇ ತಳದ ತಟ್ಟೆ ಈಚೆಗೆ ಎಳೆದೆ. ಸೊಪ್ಪಿನ ಕಸದ ನಡುವೆ ಒಂದು ಇಲಿ ಸತ್ತು ಬಿದ್ದಿತ್ತು. ಊರಿನಲ್ಲೇ ಹುಳ ತಿನ್ನಲು ಸೇರಿಕೊಂಡು ಗಾಡಿಯಲ್ಲಿ ನಮ್ಮ ಜೊತೆ ಬಂದಿತ್ತು.

ಕೋಲಿನಲ್ಲಿ ಅದನ್ನು ಎತ್ತಿ ಕೋಡಿಯಾಚೆಯ ಬಿರುಕಿಗೆ ಹಾಕಿ ಮೇಲೆ ಕಲ್ಲು ತುಂಬಿದೆ. ಯಾರೂ ನೋಡಲಿಲ್ಲ. ಹೇಳಿದ್ದರೆ ಗುಡಿಸಲು ಸುಡಬೇಕಾಗಿತ್ತು, ಹುಳ ಸುಡಬೇಕಾಗಿತ್ತು. ಗೂಡಿಗೆ ಐದಾರೇ ದಿನ ಇತ್ತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಬೇರೆ ಏನೋ ಇತ್ತು ಎಂದು ಈಗ ಬರೆದರೆ ಸುಳ್ಳಾಗುತ್ತದೆ.

ಅವಳು ಕುಕ್ಕೆ ಹೊತ್ತು ಬಂದು ತಳದ ತಟ್ಟೆಯ ಮುಂದೆಯೇ ಕೂತಳು.

“ಅದು ನಾನು ಮಾಡ್ತೀನಿ ಬುಡಕ್ಕ” ಅಂದೆ.

“ಗಂಡಸ್ರು ಕೈ ಹಾಕುದ್ರೆ ಹುಳ ಎಲ್ಲ ಸೊಂಟ ಮುರ್ಕತವೆ. ಆಚೆ ಹೋಗಪ್ಪ, ಹೋಗಿ ಸೊಪ್ಪು ಕುಯ್ಕಂಬಾ.”

ನಾನು ಹೋದೆ. ಅವಳು ಹೊತ್ತು ಮಧ್ಯಾಹ್ನವಾಗುವವರೆಗೆ ಬರಿಗೈಯಲ್ಲಿ ಆ ಕಸ ಬಾಚಿದಳು.

ಅದಾದ ಎರಡನೇ ದಿನ ಅವಳಿಗೆ ಜ್ವರ ಬಂತು. ಕಂಕುಳಲ್ಲಿ ಗೆಡ್ಡೆ ಎದ್ದಿತು. ಎರಡು ದಿನ ಮಾತ್ರ. ನನಗೂ ಅವ್ವನಿಗೂ ಏನೂ ಆಗಲಿಲ್ಲ.

ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಊರವರೆಲ್ಲ ಬಂಡೆಯ ಮೇಲೆ ಸೇರಿದರು. ಪಟೇಲರು ದನಿ ಏರಿಸಿದರು: “ಬಂಡೆ ಮೇಲೆ ಇಲಿ ಬರಲ್ಲ ಅಂದ್ಯಲ್ಲೋ? ನಿನ್ನ ಮನೇಗೇ ಬಂತಲ್ಲೋ? ನಮ್ಮ ಮಕ್ಳ ಗತಿ ಏನೋ?”

ನೀರಗಂಟಣ್ಣ, “ಅವ್ಳು ಮಲಗಿದ್ದಾಗ್ಲೇ ಬಂಡೆ ಎಲ್ಲ ಹುಡುಕ್ದೆ ಪಟೇಲ್ರೆ. ಇಲಿ ಎಲ್ಲೂ ಕಾಣ್ಲಿಲ್ಲ. ಎಲ್ಲೋ ಒಂದು ಕಡೆ ನಾನು ತಪ್ಪಿದ್ದೀನಿ. ಎಲ್ಲಿ ಅಂತ ತಿಳೀತಿಲ್ಲ” ಅಂದ.

ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಒಂದು ಮಾತು ಸಾಕಾಗಿತ್ತು. ಬಾಯಿ ಬಿಡಲಿಲ್ಲ. ಮಾರನೆಯ ದಿನ ಎಲ್ಲರೂ ಬಂಡೆ ಬಿಟ್ಟು ತಂತಮ್ಮ ಹೊಲಗಳಿಗೆ ಚದುರಿದರು. ನಾನೂ ತಟ್ಟೆ ಇಳಿಸಿಕೊಂಡು ಹೋದೆ. ಆ ಸಲ ಗೂಡು ಚೆನ್ನಾಗಿ ಬಂತು.

ಗೂಡು ಬಿಡಿಸುವ ದಿನ ಅವನು ನನ್ನ ಹೊಲಕ್ಕೆ ಬಂದ. ಕೈಯಲ್ಲಿ ನಮ್ಮ ಸೊಪ್ಪಿನ ಕುಕ್ಕೆ. ತೊಳೆದು ಬಿಸಿಲಿಗೆ ಒಣಗಿಸಿದ್ದ. “ನಿಮ್ದು. ಅವ್ಳತ್ರ ಉಳ್ಕಂಡಿತ್ತು” ಅಂತ ಇಟ್ಟು ಹೋದ.

ಅಲ್ಲಿಂದಾಚೆ ಅವನು ಬದಲಾದ. ಹಿಮ್ಮಡಿ ಒತ್ತಿದ ಜಾಗದಲ್ಲೇ ಮತ್ತೆ ಒತ್ತುತ್ತಿದ್ದ, ಎರಡು ಹೆಜ್ಜೆ ಹೋಗಿ ಹಿಂದೆ ಬಂದು ಇನ್ನೊಂದು ಸಲ ಒತ್ತುತ್ತಿದ್ದ. ಮೊದಲೆಲ್ಲ ಬಾವಿ ತೋಡುವವರು, ಕಣ ಮಾಡುವವರು ಅವನನ್ನು ಕರೆದೊಯ್ದು ಜಾಗ ಕೇಳುತ್ತಿದ್ದರು. ಈಗ ಯಾರಾದರೂ ಕೇಳಿದರೆ, “ನನ್ನ ಕೇಳ್ಬೇಡಿ, ನಂಗೆ ಜಾಗ ತಿಳಿಯಾಕಿಲ್ಲ” ಅನ್ನುತ್ತಿದ್ದ. ಕೆಲವು ಪಡ್ಡೆಗಳು ಅವನ ಮುಂದೆಯೇ, “ಲೇ, ಬಂಡೆ ನೋಡಿ ಕೂತ್ಕಳ್ಳಾ, ಇಲಿ ಬಂದಾತು” ಅಂತ ಹಾಸ್ಯ ಮಾಡುತ್ತಿದ್ದರು. ನನ್ನ ತೋಟಕ್ಕೆ ನೀರು ಬಿಡುವುದರಲ್ಲಿ ಮಾತ್ರ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನೆರಳು ಗೆರೆ ಮುಟ್ಟಿದರೆ ತೂಬು ತೆರೆಯುತ್ತಿತ್ತು, ದಾಟಿದರೆ ಮುಚ್ಚುತ್ತಿತ್ತು. ಕಾಲುವೆಯಲ್ಲಿ ಬರುವ ಆ ನೀರನ್ನು ನೋಡುತ್ತ ನಿಲ್ಲಲು ನನಗಾಗುತ್ತಿರಲಿಲ್ಲ. ಮಡೆ ತಿರುಗಿಸಲು ಆಳನ್ನು ಕಳಿಸುತ್ತಿದ್ದೆ.

ಏಳೆಂಟು ವರ್ಷದ ಮೇಲೆ ಮತ್ತೆ ಇಲಿ ಬಿದ್ದವು. ಈ ಸಲ ಬಂಡೆಯ ಹೆಸರೇ ಯಾರೂ ಎತ್ತಲಿಲ್ಲ. ಊರು ಹೋಗಿ ಮಾವಿನ ತೋಪಿನಲ್ಲಿ ಕೂತಿತು. ನೀರಗಂಟಣ್ಣ ತೋಪಿನ ಅಂಚಿನಲ್ಲಿ ಹಾರೆ ಹಿಡಿದು ನಿಂತಿದ್ದ. ನೆಲಕ್ಕೆ ಹಾಕಲಿಲ್ಲ. ನನಗೆ ಆ ನೆಲ ಎಂಥದೆಂದು ಗೊತ್ತಿತ್ತು. ಆದರೂ ನಾನೂ ಎಲ್ಲರ ಜೊತೆ ತೋಪಿಗೇ ಹೋದೆ. ನಾನು ಬಂಡೆ ಅಂದಿದ್ದರೆ ಯಾಕೆ ಅಂತ ಕೇಳುತ್ತಿದ್ದರು. ಹದಿನೈದು ದಿನಕ್ಕೆ ಬೇರುಗಳ ಸಂದಿನಲ್ಲಿ ಇಲಿ ಬಿದ್ದವು. ಹನ್ನೊಂದು ಜನ ಹೋದರು. ಪಟೇಲರೂ ಅವರ ಕಿರೀ ಮಗಳೂ ಅದರಲ್ಲಿ ಸೇರಿದ್ದರು. ನನ್ನ ಮನೆಗೆ ಆಗಲೂ ಏನೂ ಆಗಲಿಲ್ಲ.

ಆಗ ನನಗೆ ತಡೆಯಲಾಗಲಿಲ್ಲ. ಊರಿಗೆ ಹಿಂದಿರುಗಿದ ಮೇಲೆ ಒಂದು ಮಧ್ಯಾಹ್ನ ಏರಿಗೆ ಹೋದೆ. ಅವನು ಮೊಣಕಾಲೂರಿ ಒಂದು ಬಿಲಕ್ಕೆ ಜೇಡಿ ತುರುಕುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಅವನು ತಲೆ ಎತ್ತಲಿಲ್ಲ.

“ಯಾವ ತಟ್ಟೇಲಿ?”

“ತಳದ್ರಲ್ಲಿ.”

“ಅವ್ಳು ಬರೋಕೆ ಮುಂಚೆನೋ, ಬಂದ್ಮ್ಯಾಲೋ?”

“ಮುಂಚೆ.”

ಕೈಯ ಮಣ್ಣನ್ನು ಹುಲ್ಲಿಗೆ ಒರೆಸಿಕೊಂಡ. ಬೈಯುತ್ತಾನೆ, ಹಾರೆ ಎತ್ತುತ್ತಾನೆ ಅಂದುಕೊಂಡಿದ್ದೆ. ಎತ್ತಿದ್ದರೆ ನಾನು ಅಲುಗುತ್ತಿರಲಿಲ್ಲ.

“ಅಂಗಾದ್ರೆ ಬಂಡೆ ಸರ್ಯಾಗೇ ಇತ್ತು” ಅಂದ. ಆಮೇಲೆ, “ನಾನು ಗೋಣಿ ಎತ್ಬೇಕಾಗಿತ್ತು. ಎಲ್ಲರ್ದೂ ಬಿಚ್ಚುಸ್ದೋನು ನಿನ್ನದೊಂದು ಬುಟ್ಟೆ” ಅಂದ.

“ತಪ್ಪು ನಂದಣ್ಣ.”

“ನಂಗ್ಯಾಕೆ ಹೇಳ್ತೀಯ ಅದ? ನಾನೇನು ಬಂಡೆ ಕೆಟ್ಟದ್ದು ಅಂದ್ನಾ? ಅಂದೋರು ಊರೋರು. ಇನ್ನೊಂದು ಸಲ ಇಲಿ ಬಿದ್ರೆ ಮತ್ತೆ ತೋಪಿಗೇ ಹೋಗ್ತಾರೆ. ಅವ್ರಿಗೆ ಹೇಳು.”

“ಹೇಳ್ತೀನಿ.”

“ಯಾವಾಗ?”

“ಯುಗಾದಿ ಕಳೀಲಿ.”

ಅವನು ಸರಿ ಎನ್ನುವಂತೆ ತಲೆಯಾಡಿಸಿ ಬಿಲಕ್ಕೆ ಮಣ್ಣು ಒತ್ತಿದ. ಎರಡನೇ ಸಲ ಕೇಳಲಿಲ್ಲ, ಆ ವರ್ಷವೂ ಇಲ್ಲ, ಯಾವ ವರ್ಷವೂ ಇಲ್ಲ. ಊರು ಸೇರಿದಾಗಲೆಲ್ಲ ಬಂದು ಜಗಲಿಯ ಕೊನೆಯಲ್ಲಿ ಕೂರುತ್ತಿದ್ದ. ನಾನು ಮಾತಾಡಲು ಎದ್ದರೆ ನನ್ನ ಕಡೆ ನೋಡುತ್ತಿದ್ದ. ನಾನು ಕಾಲುವೆ ರಿಪೇರಿಯ ಬಗ್ಗೆಯೋ ಸೊಪ್ಪಿನ ದರದ ಬಗ್ಗೆಯೋ ಮಾತಾಡಿ ಕೂರುತ್ತಿದ್ದೆ. ಆಮೇಲೆ ಅವನು ಎದ್ದು ಹೋಗುತ್ತಿದ್ದ. ಸ್ವಂತ ಕೈಯಿಂದ ಮೇಲೆ ಬಂದವನು ಎಂದು ಜನ ನನ್ನನ್ನು ತೋರಿಸಿ ಹೇಳುತ್ತಿದ್ದರು. ಆ ಮಾತು ನನಗೆ ಅನ್ನಕ್ಕಿಂತ ಹೆಚ್ಚಾಗಿತ್ತು. ಆ ಕೈಯಲ್ಲಿ ಇನ್ನೇನಿತ್ತೆಂದು ತೋರಿಸಲು ಮನಸ್ಸಾಗಲಿಲ್ಲ.

ಹೀಗೆ ಹದಿನೆಂಟು ಯುಗಾದಿ ಕಳೆದವು.

ಒಂದೂವರೆ ತಿಂಗಳ ಹಿಂದೆ ಅವನು ಏರಿಯ ಮೇಲೆಯೇ ಕೂತಹಾಗೆ ಹೋದ. ಮಣ್ಣು ಮಾಡಿ ಕೈಕಾಲು ತೊಳೆಯುವಾಗ ಈಗಿನ ಪಟೇಲ, ಹಳೆಯ ಪಟೇಲರ ಮಗ, “ಒಳ್ಳೇ ಮನುಷ್ಯ ಕಣ್ರಪ್ಪ. ಆ ಬಂಡೆ ತೋರ್ಸಿದ್ದೊಂದು ಬುಟ್ರೆ ಇನ್ಯಾವ್ದೂ ತಪ್ಪು ಮಾಡ್ದೋನಲ್ಲ” ಅಂದ.

ಆಗ ನಾನು ಹೇಳಿದೆ. ಎಲ್ಲರಿಗೂ ಕೇಳುವ ಹಾಗೆ, ತಟ್ಟೆ, ಕಸ, ಇಲಿ, ಬಿರುಕು, ಒಂದನ್ನೂ ಬಿಡದೆ ಹೇಳಿದೆ. ಯಾರಾದರೂ ಮುಖಕ್ಕೆ ಉಗಿಯುತ್ತಾರೆ ಅಂದುಕೊಂಡಿದ್ದೆ.

ಪಟೇಲ ನನ್ನ ಭುಜದ ಮೇಲೆ ಕೈಯಿಟ್ಟ. “ಬುಡಿ ಮಾವ, ಬುಡಿ. ಸತ್ತೋನ ತಪ್ಪು ನಿಮ್ಮ ತಲೆ ಮೇಲೆ ಹಾಕ್ಕತೀರಲ್ಲ, ನಿಮ್ದು ದೊಡ್ಡ ಮನಸ್ಸು.”

“ದೊಡ್ಡ ಮನಸ್ಸಲ್ಲ ಕಣಯ್ಯ, ನಡೆದದ್ದು ಹೇಳ್ತಿದ್ದೀನಿ!”

“ಆಯ್ತು ಮಾವ, ಆಯ್ತು. ದುಃಖ ಆಗ್ಯದೆ ನಿಮ್ಗೆ” ಅಂತ ಇನ್ನೊಬ್ಬ ನನ್ನ ತೋಳು ಹಿಡಿದು ಮನೆಯವರೆಗೆ ಬಿಟ್ಟುಹೋದ. ಮಾರನೆಯ ದಿನದಿಂದ ಜನ ನನಗೆ ಮೊದಲಿಗಿಂತ ತಗ್ಗಿ ನಮಸ್ಕಾರ ಮಾಡತೊಡಗಿದರು.

ಹೋದ ವಾರ ಊರಲ್ಲಿ ಮತ್ತೆ ಇಲಿ ಬಿದ್ದವು. ಪಟೇಲ ತೋಪು ಅಂದ. ನಾನು ಬಂಡೆ ಅಂದೆ. “ಅವ್ನ ಮೇಲಿನ ಅಭಿಮಾನಕ್ಕೆ ಮಕ್ಕಳು ಮರಿ ಕಟ್ಕಂಡು ಬಂಡೆ ಹತ್ತಕ್ಕಾದೀತಾ ಮಾವ?” ಅಂದ. ಊರು ಅವನ ಹಿಂದೆ ಹೋಯಿತು. ನಾನು ಪ್ರತಿ ಕಂಬಳಿಯನ್ನೂ ಕೊಡವಿ, ರಾಗಿ ಹರಡಿ, ಈ ಸಲದ ಹುಳವನ್ನೆಲ್ಲ ಸುಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಾಸುಬಂಡೆಗೆ ಬಂದೆ. ನಮ್ಮದಲ್ಲದೆ ಎರಡು ಗುಡಿಸಲು ಎದ್ದಿವೆ. ಅವರೂ ಬಂಡೆ ನಂಬಿ ಬಂದವರಲ್ಲ, ನನ್ನ ಮುಲಾಜಿಗೆ ಬಂದವರು.

ಇದನ್ನು ಬಂಡೆಯ ಮೇಲೆ ಕೂತೇ ಬರೆದಿದ್ದೇನೆ. ಬರೆದದ್ದನ್ನು ಇವತ್ತು ತೋಪಿಗೆ ತೆಗೆದುಕೊಂಡು ಹೋಗಿ, ಓದು ಬಲ್ಲ ಪಟೇಲನ ಮಗನ ಕೈಗೆ ಕೊಟ್ಟು, ಎಲ್ಲರ ಮುಂದೆ ಗಟ್ಟಿಯಾಗಿ ಓದಿಸುತ್ತೇನೆ. ನಂಬದಿದ್ದರೆ ಕೋಡಿಯಾಚೆಯ ಬಿರುಕಿಗೆ ಕರೆತಂದು ಕಲ್ಲು ತೆಗೆಸುತ್ತೇನೆ. ಇಷ್ಟು ವರ್ಷದ ಮೇಲೆ ಅಲ್ಲಿ ಏನೂ ಉಳಿದಿರಲಾರದು, ಅದು ನನಗೆ ಗೊತ್ತು. ಇಲ್ಲಿಂದ ನೋಡಿದರೆ ಮಾವಿನ ಮರಗಳ ಮೇಲೆ ಅವರ ಒಲೆಗಳ ಹೊಗೆ ಕಾಣುತ್ತಿದೆ. ಬೆಳಿಗ್ಗೆಯಿಂದ ಎಣಿಸುತ್ತಿದ್ದೇನೆ. ನಿನ್ನೆಗಿಂತ ಒಂದು ಒಲೆ ಕಡಿಮೆಯಿದೆ.